ರೈಲಿಲ್ಲದ ಸ್ಟೇಷನ್ನಿನಲ್ಲಿ ಅರ್ಧ ದಿನ: ಬಿಷಪ್ ಹತ್ತಿರದ ಲಾಸ್ ಮ್ಯೂಸಿಯಂ ನೋಡುವ ಬಗೆ

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದವರಲ್ಲಿ 395 ಹೈವೇ ಹಿಡಿಯದವರು ಕಮ್ಮಿ. ಹಿಮದಲ್ಲಿ ಆಡಲು ಮ್ಯಾಮತ್ ಲೇಕ್ಸ್, ಬೇಸಿಗೆಯಲ್ಲಿ ಯೊಸೆಮಿಟಿಯ ಪೂರ್ವದ ಬಾಗಿಲು, ಚಳಿಗಾಲದಲ್ಲಿ ಡೆತ್ ವ್ಯಾಲಿ. ಎಲ್ಲದಕ್ಕೂ ಅದೇ ರಸ್ತೆ. ನಡುವೆ ಬಿಷಪ್ ಅನ್ನೋ ಊರು ಬರುತ್ತದೆ. ಗ್ಯಾಸ್ ಹಾಕಿಸಿ, ಬೇಕರಿಯಲ್ಲಿ ಬ್ರೆಡ್ ತಗೊಂಡು, ಮತ್ತೆ ಕಾರು ಹತ್ತಿಬಿಡುತ್ತೇವೆ. ನಾನೂ ಆರೇಳು ವರ್ಷ ಹಾಗೇ ಮಾಡಿದೆ.

ಆ ಗ್ಯಾಸ್ ಬಂಕಿನಿಂದ ಹತ್ತು ನಿಮಿಷ ದೂರದಲ್ಲಿ ಒಂದು ಇಡೀ ರೈಲ್ವೆ ಊರು ನಿಂತಿದೆ. ಹೆಸರು ಲಾಸ್. ಕಾನೂನಿಗೂ ಈ ಹೆಸರಿಗೂ ಸಂಬಂಧ ಇಲ್ಲ. ರೈಲು ಕಂಪನಿಯ ಅಧಿಕಾರಿ ಆರ್. ಜೆ. ಲಾಸ್ ಅನ್ನುವವರ ಹೆಸರನ್ನು ಸ್ಟೇಷನ್ನಿಗೆ ಇಟ್ಟರು, ಅಷ್ಟೇ. 1883ರ ಡಿಪೋ (ಸ್ಟೇಷನ್ ಕಟ್ಟಡ), ಸ್ಟೇಷನ್ ಏಜೆಂಟನ ಮನೆ, ನೀರಿನ ಟ್ಯಾಂಕು, ಎಂಜಿನ್ ತಿರುಗಿಸುವ ಟರ್ನ್‌ಟೇಬಲ್ ಎಲ್ಲ ಇದ್ದಲ್ಲೇ ಇವೆ. ರೈಲು ಮಾತ್ರ 1960ರಲ್ಲಿ ನಿಂತುಹೋಯಿತು. 1966ರ ಏಪ್ರಿಲ್ 1ರಂದು ಇದನ್ನೇ ಮ್ಯೂಸಿಯಂ ಮಾಡಿ ಬಾಗಿಲು ತೆರೆದರು. ಸುಮಾರು 11 ಎಕರೆ ಜಾಗ.

ಇಂಥ ಜಾಗಕ್ಕೆ ಹೋಗಿ ಇಪ್ಪತ್ತು ನಿಮಿಷದಲ್ಲಿ "ಹಳೇ ಸಾಮಾನು ಇಟ್ಟಿದ್ದಾರೆ" ಅಂತ ಹೊರಗೆ ಬರೋದು ಸುಲಭ. ನಮ್ಮಲ್ಲಿ ಬಹಳ ಜನ ಹಾಗೇ ಬರುತ್ತಾರೆ. ಹಾಗಾಗದಿರಲು ಏನು ಮಾಡಬೇಕು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮುಂಚೆ

ಲಾಸ್ ಏಂಜಲೀಸ್‌ನಿಂದ ಬಿಷಪ್‌ಗೆ ಸುಮಾರು 265 ಮೈಲಿ. ನಾಲ್ಕೂವರೆ ಗಂಟೆ ಅಂತ ಲೆಕ್ಕ ಇಟ್ಟುಕೊಳ್ಳಿ. ಬೇ ಏರಿಯಾದವರಿಗೆ ಯೊಸೆಮಿಟಿ ಮೂಲಕ ಪರ್ವತ ದಾಟುವ ಟಿಯೋಗಾ ಪಾಸ್ ತೆರೆದಿದ್ದರೆ ಮಾತ್ರ ಹತ್ತಿರ. ಆ ರಸ್ತೆ ಸಾಮಾನ್ಯವಾಗಿ ನವೆಂಬರ್‌ನಿಂದ ಮೇ ಕೊನೆವರೆಗೆ, ಕೆಲವು ವರ್ಷ ಜೂನ್ ದಾಟಿದರೂ, ಹಿಮದಿಂದ ಮುಚ್ಚಿರುತ್ತದೆ. ಮುಚ್ಚಿದ್ದರೆ ಪರ್ವತವನ್ನೇ ಸುತ್ತಿ ಬರಬೇಕು. ಈ ಮ್ಯೂಸಿಯಂ ಒಂದಕ್ಕೇ ಅಷ್ಟು ದೂರ ಬನ್ನಿ ಅಂತ ನಾನೇನೂ ಹೇಳುವುದಿಲ್ಲ. ಹೇಗೂ ಆ ಕಡೆ ಹೋಗುವ ಪ್ರವಾಸಕ್ಕೆ ಅರ್ಧ ದಿನ ಸೇರಿಸಿಕೊಳ್ಳಿ.

ಬಿಷಪ್ ಊರಿನ ಉತ್ತರದ ತುದಿಯಲ್ಲಿ 395 ಎಡಕ್ಕೆ ಹೊರಳುತ್ತದೆ. ಅಲ್ಲಿ ನೀವು 6ನೇ ನಂಬರ್ ಹೈವೇ ಹಿಡಿಯಬೇಕು. ಈ ರಸ್ತೆಗೆ ಬಿಷಪ್ಪೇ ಒಂದು ಕೊನೆ. ಇನ್ನೊಂದು ಕೊನೆ ಅಟ್ಲಾಂಟಿಕ್ ದಂಡೆಯ ಪ್ರಾವಿನ್ಸ್‌ಟೌನ್‌ನಲ್ಲಿದೆ, 3,200 ಮೈಲಿ ಆಚೆ. ನಮಗೆ ಬೇಕಾಗಿರುವುದು ಅದರ ಮೊದಲ ನಾಲ್ಕೈದು ಮೈಲಿ ಮಾತ್ರ. ಸಿಲ್ವರ್ ಕ್ಯಾನ್ಯನ್ ರಸ್ತೆ ಬಂದಾಗ ಬಲಕ್ಕೆ ತಿರುಗಿ. ಮರಗಳ ಗುಂಪು, ಒಂದು ಕಪ್ಪು ಎಂಜಿನ್, ಹಿಂದೆ ಬೋಳು ವೈಟ್ ಮೌಂಟನ್ಸ್ ಕಾಣುತ್ತವೆ. ಅದೇ.

ವೇಳೆ ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ ಸಂಜೆ 4. ಆದರೆ ಸಣ್ಣ ಊರಿನ ಮ್ಯೂಸಿಯಂ ಅಂದರೆ ಸ್ವಯಂಸೇವಕರ ಮೇಲೆ ನಡೆಯುವ ಜಾಗ. ಹಬ್ಬದ ದಿನ, ಜೋರು ಚಳಿ, ಜನ ಸಿಗದ ದಿನ, ಇವುಗಳಲ್ಲಿ ವೇಳೆ ಬದಲಾಗಬಹುದು. ಹಿಂದಿನ ದಿನ ಒಂದು ಫೋನ್ ಮಾಡಿ. ಇಮೇಲ್ ಬೇಡ, ಫೋನೇ ಮಾಡಿ. ಎತ್ತಿದವರು ಬಹುಶಃ ಮಾರನೇ ದಿನ ನಿಮಗೆ ಬಾಗಿಲಲ್ಲೇ ಸಿಗುತ್ತಾರೆ. "ನಿನ್ನೆ ಫೋನ್ ಮಾಡಿದ್ದು ನಾವೇ" ಅಂದರೆ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಫೋನಿನಲ್ಲಿ ಇನ್ನೊಂದು ಪ್ರಶ್ನೆ ಮರೆಯದೆ ಕೇಳಿ: "ನಾಳೆ ಬ್ರಿಲ್ ಕಾರ್ ಓಡುತ್ತಾ?" ಅದೇನು ಅಂತ ಮುಂದೆ ಹೇಳುತ್ತೇನೆ.

ಮೊದಲ ಸಲ ನಾವು ಮ್ಯಾಮತ್‌ನಿಂದ ವಾಪಸ್ ಬರುವಾಗ ಮೂರೂವರೆಗೆ ಹೋಗಿ ನಿಂತೆವು. ಅರ್ಧ ಗಂಟೆಯಲ್ಲಿ ಎಷ್ಟು ನೋಡೋದು? ಎಂಜಿನ್ ಮುಂದೆ ಒಂದು ಫೋಟೊ ತೆಗೆದುಕೊಂಡು ಬಂದೆವು. ಕನಿಷ್ಠ ಎರಡೂವರೆ ಗಂಟೆ ಇಟ್ಟುಕೊಳ್ಳಿ. ರೈಲಿನ ಹುಚ್ಚು ಇರುವವರು ಜೊತೆಗಿದ್ದರೆ ನಾಲ್ಕು.

ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತಕ್ಕೇ ಹೋಗಿ. ಜುಲೈನಲ್ಲಿ ಮಧ್ಯಾಹ್ನ 35–38 ಡಿಗ್ರಿ ಸೆಲ್ಸಿಯಸ್ ಮಾಮೂಲು, ನೆರಳು ಕಮ್ಮಿ, ಕಟ್ಟಡದಿಂದ ಕಟ್ಟಡಕ್ಕೆ ಬಿಸಿಲಲ್ಲೇ ನಡೆಯಬೇಕು. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಕಣ್ಣಿಗೆಲ್ಲ ಧೂಳು. ಟೋಪಿ, ನೀರು, ಮುಚ್ಚಿದ ಚಪ್ಪಲಿ ಅಥವಾ ಶೂ. ಏಪ್ರಿಲ್–ಮೇ ಮತ್ತು ಅಕ್ಟೋಬರ್ ಚೆನ್ನ.

ಕಥೆ ಸ್ವಲ್ಪ ತಿಳಿದಿರಲಿ

ಇದನ್ನು ಕಾರಿನಲ್ಲೇ ಓದಿಕೊಂಡು ಹೋಗಿ, ಅಥವಾ ಯಾರಾದರೂ ಓದಿ ಹೇಳಲಿ. ಕಥೆ ಗೊತ್ತಿಲ್ಲದೆ ಹೋದರೆ ಅಲ್ಲಿರೋದು ಬರೀ ಮರ, ಕಬ್ಬಿಣ.

1880ರಲ್ಲಿ ಕಾರ್ಸನ್ ಅಂಡ್ ಕೊಲರಾಡೊ ಅನ್ನುವ ರೈಲು ಕಂಪನಿ ಹುಟ್ಟಿತು. ನೆವಾಡಾದ ಕಾರ್ಸನ್ ಸಿಟಿ ಹತ್ತಿರದ ಮೌಂಡ್ ಹೌಸ್‌ನಿಂದ ದಕ್ಷಿಣಕ್ಕೆ ಕೊಲರಾಡೊ ನದಿವರೆಗೆ ಹಳಿ ಹಾಕುವ ಆಸೆ. ದಾರಿಯಲ್ಲಿ ಬೆಳ್ಳಿ, ಸೀಸದ ಗಣಿಗಳು. ದುಡ್ಡು ಉಳಿಸಲು, ಎರಡು ಹಳಿಗಳ ನಡುವೆ ಮೂರಡಿಯಷ್ಟೇ ಅಗಲ ಇರುವ ನ್ಯಾರೋಗೇಜ್ ಆರಿಸಿಕೊಂಡರು. ಸಣ್ಣ ಎಂಜಿನ್, ಬಿಗಿ ತಿರುವು, ಕಮ್ಮಿ ಖರ್ಚು. 1883ರಲ್ಲಿ ಓವೆನ್ಸ್ ಕೊಳದ ದಂಡೆಯ ಕೀಲರ್ ತಲುಪುವ ಹೊತ್ತಿಗೆ 300 ಮೈಲಿ ಆಗಿತ್ತು. ಅಷ್ಟರಲ್ಲಿ ಗಣಿಗಳು ಬಡವಾಗಿದ್ದವು. ನದಿ ಇನ್ನೂ ಬಹಳ ದೂರ. ಲೈನು ಅಲ್ಲೇ ನಿಂತಿತು.

ಬಂಡವಾಳ ಹಾಕಿದ್ದ ಡೇರಿಯಸ್ ಮಿಲ್ಸ್ ಅದನ್ನು ನೋಡಲು ಬಂದಾಗ, ಒಂದೋ ಇದನ್ನು 300 ಮೈಲಿ ಜಾಸ್ತಿ ಕಟ್ಟಿದ್ದೇವೆ, ಇಲ್ಲಾ 300 ವರ್ಷ ಬೇಗ ಕಟ್ಟಿದ್ದೇವೆ ಅಂದನಂತೆ. ನಿಜವಾಗಿ ಅಂದನೋ ಇಲ್ಲವೋ, ಬಿಷಪ್ ಇರುವ ಓವೆನ್ಸ್ ಕಣಿವೆಯಲ್ಲಿ ಈ ಮಾತು ಎಲ್ಲರ ಬಾಯಲ್ಲೂ ಇದೆ.

1900ರಲ್ಲಿ ಬೇಸತ್ತು ಸದರ್ನ್ ಪೆಸಿಫಿಕ್ ಕಂಪನಿಗೆ 27.5 ಲಕ್ಷ ಡಾಲರಿಗೆ ಮಾರಿಬಿಟ್ಟರು. ಅದೇ ವರ್ಷ ನೆವಾಡಾದ ಟೋನೊಪಾದಲ್ಲಿ ಬೆಳ್ಳಿ ಸಿಕ್ಕಿತು! ಅಲ್ಲಿಗೆ ಸಾಮಾನು ಸಾಗಿಸಲು ಇದ್ದದ್ದು ಇದೇ ಲೈನು. ಮಾರಿದವರು ಎಷ್ಟು ಕೈ ಕೈ ಹಿಸುಕಿಕೊಂಡಿರಬೇಕು, ಅಲ್ವಾ?

ಆಮೇಲೆ ಲೈನು ಸ್ವಲ್ಪ ಸ್ವಲ್ಪವಾಗಿ ಸವೆಯಿತು. ಉತ್ತರದ ಕಡೆ ಒಂದು ಭಾಗವನ್ನು ಅಗಲ ಮಾಡಿದರು. ಇನ್ನೊಂದು ಭಾಗವನ್ನು 1938ರಿಂದ 1943ರೊಳಗೆ ಕಿತ್ತರು. ಉಳಿದದ್ದು ಲಾಸ್‌ನಿಂದ ಕೀಲರ್‌ವರೆಗಿನ ಸುಮಾರು 70 ಮೈಲಿ. ಜನ ಅದನ್ನು ಪ್ರೀತಿಯಿಂದ "ಸ್ಲಿಮ್ ಪ್ರಿನ್ಸೆಸ್" ಅಂತ ಕರೆಯುತ್ತಿದ್ದರು. ಬಳುಕುವ ರಾಜಕುಮಾರಿ ಅನ್ನಿ. 1954ರಲ್ಲಿ ಒಂದು ಡೀಸೆಲ್ ಎಂಜಿನ್ ಬಂತು. 1960ರ ಏಪ್ರಿಲ್ ಕೊನೆಗೆ ಆಟ ಮುಗಿಯಿತು. ರಾಕಿ ಪರ್ವತದಿಂದ ಪಶ್ಚಿಮಕ್ಕೆ, ಸಾರ್ವಜನಿಕರಿಗಾಗಿ ಓಡುತ್ತಿದ್ದ ಕೊನೆಯ ನ್ಯಾರೋಗೇಜ್ ಅದು.

ಇನ್ನೊಂದು ವಿಷಯ. ಊರು ಬಿಷಪ್, ಸ್ಟೇಷನ್ ಲಾಸ್. ಯಾಕೆ? ಹಳಿ ಕಣಿವೆಯ ಪೂರ್ವದ ಬದಿ ಹಿಡಿದು ಹೋಯಿತು, ಊರುಗಳು ಪಶ್ಚಿಮದಲ್ಲಿ, ಸಿಯೆರಾ ಬೆಟ್ಟದ ತೊರೆಗಳ ಹತ್ತಿರ ಇದ್ದವು. ಚಿಕ್ಕಮಗಳೂರಿನವರು ಕಡೂರಿಗೆ ಹೋಗಿ ರೈಲು ಹತ್ತುತ್ತಿದ್ದ ಹಾಗೆ ಬಿಷಪ್‌ನವರು ಇಲ್ಲಿಗೆ ಬರಬೇಕಿತ್ತು. ಹಾಗೆ ಬಂದವರಿಗಾಗಿ ಸ್ಟೇಷನ್ ಸುತ್ತ ಹೋಟೆಲ್, ಅಂಗಡಿ, ಕುಲುಮೆ ಎಲ್ಲ ಎದ್ದವು. ರೈಲು ಹೋದ ಮೇಲೆ ಅವೂ ಹೋದವು.

ಒಳಗೆ ಕಾಲಿಟ್ಟ ಮೇಲೆ: ಡಿಪೋದಿಂದ ಶುರು ಮಾಡಿ

ಗೇಟಿನ ಹತ್ತಿರದ ಕೋಣೆಯಲ್ಲಿ ನಕ್ಷೆ ಕೊಡುತ್ತಾರೆ. ದೇಣಿಗೆ ಡಬ್ಬಿ ಇರುತ್ತದೆ. "ವಾಪಸ್ ಬರುವಾಗ ಹಾಕೋಣ" ಅಂದುಕೊಳ್ಳಬೇಡಿ, ಮರೆತುಹೋಗುತ್ತದೆ. ಈಗಲೇ ಹಾಕಿ. ಈ ಜಾಗ ನಡೆಯುವುದರಲ್ಲಿ ಆ ಡಬ್ಬಿಯ ಪಾಲು ದೊಡ್ಡದು.

ನಕ್ಷೆ ಕೈಗೆ ಬಂದ ತಕ್ಷಣ ಎಲ್ಲರೂ ಹತ್ತಿರ ಇರುವ ಕಟ್ಟಡಕ್ಕೆ ನುಗ್ಗುತ್ತಾರೆ. ನೀವು ಹಾಗೆ ಮಾಡಬೇಡಿ. ನೇರ ಡಿಪೋಗೆ ಹೋಗಿ. ಈ ಊರಿಗೆ ಬಂದ ಪ್ರತಿಯೊಂದು ವಸ್ತುವೂ, ಪಿಯಾನೊ, ಸಕ್ಕರೆ ಮೂಟೆ, ಕಾಗದ, ಔಷಧಿ, ಆ ಒಂದು ಬಾಗಿಲಿನಿಂದ ಬಂದಿದೆ. ಅದನ್ನು ಮೊದಲು ನೋಡಿದರೆ ಮಿಕ್ಕಿದ್ದಕ್ಕೆಲ್ಲ ಅರ್ಥ ಬರುತ್ತದೆ.

ಡಿಪೋವನ್ನು ಹೊರಗಿನಿಂದ ಒಂದು ಸುತ್ತು ಹಾಕಿ. ಮರದ ಹಲಗೆಯ ಗೋಡೆ, ಉದ್ದ ಪ್ಲಾಟ್‌ಫಾರ್ಮ್. ಸರಕಿನ ಕಡೆ ಪ್ಲಾಟ್‌ಫಾರ್ಮ್ ಎತ್ತರ ಗಮನಿಸಿ. ಅದು ಮನುಷ್ಯರು ಹತ್ತುವುದಕ್ಕಲ್ಲ, ವ್ಯಾಗನ್ನಿನ ನೆಲಕ್ಕೆ ಸಮ ಬರಲಿ ಅಂತ. ಮೂಟೆ ಎತ್ತುವ ಬದಲು ತಳ್ಳಿದರೆ ಆಯಿತು. ಆಮೇಲೆ ಒಳಗೆ ಹೋಗಿ ಏಜೆಂಟ್ ಕೂರುತ್ತಿದ್ದ ಕಡೆ ನಿಲ್ಲಿ. ಇಂಥ ಸಣ್ಣ ಡಿಪೋದಲ್ಲಿ ಒಬ್ಬನೇ ಮನುಷ್ಯ ಟಿಕೆಟ್ ಕೊಡಬೇಕು, ತಂತಿ ಕಳಿಸಬೇಕು, ಸರಕು ತೂಗಬೇಕು, ರೈಲಿಗೆ ಆದೇಶ ಕೊಡಬೇಕು. ಮೇಜಿನ ಮೇಲಿನ ತಂತಿ ಯಂತ್ರದ ಕೀಲಿ ನೋಡಿ. ಹಿತ್ತಾಳೆಯ ಆ ಸಣ್ಣ ಸನ್ನೆ, ಒಂದೇ ಬೆರಳಿನ ಕೆಲಸ. ಫೋನಿಲ್ಲದ ಕಾಲದಲ್ಲಿ ಕಣಿವೆಗೂ ಹೊರಗಿನ ಲೋಕಕ್ಕೂ ಇದ್ದ ಗಂಟಲು ಅದು.

ಒಂದು ಕಿವಿಮಾತು: ಗಾಜಿನ ಪೆಟ್ಟಿಗೆಯಲ್ಲಿರುವ ಎಲ್ಲವನ್ನೂ ಓದಲು ಹೋಗಬೇಡಿ. ತಲೆ ಭಾರ ಆಗುತ್ತದೆ. ಒಂದೇ ವಸ್ತು ಆರಿಸಿ, ಇದು ಎಲ್ಲಿಂದ ಬಂತು, ಯಾರು ಮುಟ್ಟಿದರು, ಎಲ್ಲಿ ಸವೆದಿದೆ ಅಂತ ನೋಡಿ. ಕೌಂಟರಿನ ಅಂಚು, ಹೊಸ್ತಿಲು, ಡ್ರಾಯರಿನ ಹಿಡಿ. ಜನ ದಿನಾ ಮುಟ್ಟಿದ ಜಾಗ ಬೇರೆಯೇ ಹೊಳೆಯುತ್ತದೆ.

ಹಳಿ, ಎಂಜಿನ್, ಟರ್ನ್‌ಟೇಬಲ್

ಎರಡನೇ ಸಲ ಹೋದಾಗ ಅಪ್ಪ ಜೊತೆಗಿದ್ದರು. ಅಪ್ಪ ಶಿವಮೊಗ್ಗ–ತಾಳಗುಪ್ಪ ಲೈನಿನಲ್ಲಿ, ಅದು ಮೀಟರ್‌ಗೇಜ್ ಇದ್ದ ಕಾಲದಲ್ಲಿ, ಕೀಮ್ಯಾನ್ ಆಗಿದ್ದವರು. ದಿನಾ ಬೆಳಿಗ್ಗೆ ಸುತ್ತಿಗೆ ಹೆಗಲ ಮೇಲಿಟ್ಟು ಹಳಿ ಉದ್ದಕ್ಕೂ ನಡೆದು, ಸಡಿಲಾದ ಕೀ, ಅಂದರೆ ಹಳಿಯನ್ನು ಹಿಡಿದಿಡುವ ಬೆಣೆ, ಬಡಿದು ಬಿಗಿ ಮಾಡೋ ಕೆಲಸ. ಅಮೆರಿಕಕ್ಕೆ ಬಂದು ಒಂದು ತಿಂಗಳಾಗಿತ್ತು. ಗೋಲ್ಡನ್ ಗೇಟ್ ಸೇತುವೆಗೂ "ಹೂಂ" ಅಂದಿದ್ದರು, ಹಾಲಿವುಡ್ ಬೋರ್ಡಿಗೂ "ಹೂಂ".

ಇಲ್ಲಿ ಕಾರಿನಿಂದ ಇಳಿದವರು ಎಂಜಿನ್ ನೋಡಲಿಲ್ಲ. ಹಳಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಮೊಣಕೈಯನ್ನು ಒಂದು ಹಳಿಯ ಒಳಮೈಗೆ ಒತ್ತಿ, ಬೆರಳು ಚಾಚಿ, ಅಲ್ಲಿ ಗುರುತು ಹಿಡಿದು ಮತ್ತೆ ಅಳೆದರು. ಎರಡು ಮೊಳಕ್ಕೆ ಆ ಕಡೆಯ ಹಳಿ ಸಿಕ್ಕಿತು.

"ನಮ್ಮ ಲೈನಿಗಿಂತ ನಾಲ್ಕು ಬೆರಳು ಕಮ್ಮಿ ಕಣೋ" ಅಂದರು.

ಸರಿಯಾಗಿತ್ತು. ಮೊಳ ಅಂದರೆ ಒಂದೂವರೆ ಅಡಿ. ಎರಡು ಮೊಳ ಮೂರಡಿ. ಮೀಟರ್‌ಗೇಜ್ ಅದಕ್ಕಿಂತ ಮೂರು ಇಂಚಿನ ಮೇಲೆ ಚೂರು ಜಾಸ್ತಿ. ನೀವೂ ಹೀಗೇ ಅಳೆದು ನೋಡಿ. ಮಕ್ಕಳ ಕೈಲಿ ಮಾಡಿಸಿ. ಬೋರ್ಡಿನಲ್ಲಿ "ಮೂರಡಿ" ಅಂತ ಓದಿದ್ದು ಮರೆತುಹೋಗುತ್ತದೆ, ಮೊಳ ಹಾಕಿದ್ದು ಮರೆಯಲ್ಲ. ಹೋಲಿಕೆಗೆ: ಅಮೆರಿಕದ ಈಗಿನ ಹಳಿ ನಾಲ್ಕಡಿ ಎಂಟೂವರೆ ಇಂಚು, ನಮ್ಮ ಬ್ರಾಡ್‌ಗೇಜ್ ಐದೂವರೆ ಅಡಿ. ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರದ ಹಳೇ ನ್ಯಾರೋಗೇಜ್ ಇದಕ್ಕಿಂತಲೂ ಸಣ್ಣದು, ಎರಡೂವರೆ ಅಡಿ.

ಅಪ್ಪನ ತಕರಾರು ಇನ್ನೊಂದಿತ್ತು. ಹಳಿಯನ್ನು ಮರದ ಸ್ಲೀಪರಿಗೆ ಬರೀ ತಲೆದಪ್ಪ ಮೊಳೆ ಹೊಡೆದು ಕೂರಿಸಿದ್ದರು. "ಕೀನೇ ಇಲ್ಲ. ಇಲ್ಲಿ ಕೀಮ್ಯಾನ್ ಏನು ಮಾಡ್ತಾನೆ?" ನಿಜವಾಗಿ ಚಿಂತೆ ಮಾಡಿದರು.

ಮೂರಡಿಯ ಉಳಿತಾಯಕ್ಕೆ ಬೆಲೆ ಬೇರೆ ಕಡೆ ಕೊಡಬೇಕಾಯಿತು. 1910ರಲ್ಲಿ ದಕ್ಷಿಣದಿಂದ ಅಗಲ ಹಳಿಯ ಲೈನು ಓವೆನ್ಯೊ ಅನ್ನುವಲ್ಲಿಗೆ ಬಂದು ಇದನ್ನು ಸೇರಿತು. ಆದರೆ ಗಾಡಿಗಳು ಒಂದರ ಹಳಿ ಮೇಲೆ ಇನ್ನೊಂದು ಓಡುವ ಹಾಗಿಲ್ಲವಲ್ಲ. ಸಣ್ಣ ವ್ಯಾಗನ್ನಿನಿಂದ ದೊಡ್ಡ ವ್ಯಾಗನ್ನಿಗೆ ಎಲ್ಲ ಸರಕನ್ನೂ ಬದಲಾಯಿಸಬೇಕಿತ್ತು, ಐವತ್ತು ವರ್ಷ. ನಮ್ಮಲ್ಲಿ ಗೇಜ್ ಬದಲಾಗುವ ಜಂಕ್ಷನ್ನುಗಳಲ್ಲಿ ಹಮಾಲರು ಪಡುತ್ತಿದ್ದ ಪಾಡು ಅದೇ.

ಈಗ ಎಂಜಿನ್. ನಂಬರ್ 9. ಫಿಲಡೆಲ್ಫಿಯಾದ ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ 1909ರಲ್ಲಿ ಬೇರೊಂದು ಕಂಪನಿಗಾಗಿ ತಯಾರಾದದ್ದು, ಆಮೇಲೆ ಈ ಲೈನಿಗೆ ಬಂತು. ಪಕ್ಕದಲ್ಲಿ ನಿಂತು ಚಕ್ರ ಎಣಿಸಿ. ಮುಂದೆ ಎರಡು ಸಣ್ಣವು, ಆಮೇಲೆ ಮೂರು ದೊಡ್ಡವು, ಹಿಂದೆ ಚಾಲಕನ ಕೆಳಗೆ ಏನೂ ಇಲ್ಲ. ಎರಡೂ ಪಕ್ಕ ಸೇರಿಸಿದರೆ ನಾಲ್ಕು, ಆರು, ಸೊನ್ನೆ. ರೈಲಿನವರು ಇದನ್ನು 4-6-0 ಅನ್ನುತ್ತಾರೆ. ಸಣ್ಣ ಚಕ್ರ ದಾರಿ ತೋರಿಸುತ್ತದೆ, ದೊಡ್ಡದು ಎಳೆಯುತ್ತದೆ. ಈ ಎಂಜಿನ್ ಉರಿಸುತ್ತಿದ್ದದ್ದು ಕಲ್ಲಿದ್ದಲಲ್ಲ, ಎಣ್ಣೆ. ಅಂಗಳದಲ್ಲಿ ನೀರಿನ ಟ್ಯಾಂಕಿನ ಜೊತೆ ಎಣ್ಣೆ ಟ್ಯಾಂಕೂ ಇರುವುದು ಅದಕ್ಕೇ. ಡೀಸೆಲ್ ಬಂದ ಮೇಲೂ, ಅದು ಕೆಟ್ಟರೆ ಇರಲಿ ಅಂತ 9ನೇ ನಂಬರನ್ನು ಹಾಗೇ ಇಟ್ಟುಕೊಂಡಿದ್ದರು. ಮನೇಲಿ ಹೊಸ ಕಾರ್ ಬಂದ ಮೇಲೂ ಅಪ್ಪನ ಸ್ಕೂಟರ್ ಇಟ್ಟುಕೊಂಡ ಹಾಗೆ. ಅದರಿಂದಲೇ ಗುಜರಿಗೆ ಹೋಗದೆ ಉಳಿಯಿತು. ಎಂಜಿನ್ ಮೇಲೆ ಹತ್ತಬಹುದಾ ಅಂತ ಮೊದಲು ಕೇಳಿ. ಬಿಸಿಲಿನಲ್ಲಿ ಕಬ್ಬಿಣದ ಹಿಡಿ ಸುಡುತ್ತದೆ, ಮಕ್ಕಳನ್ನು ಹತ್ತಿಸುವ ಮುಂಚೆ ನೀವು ಮುಟ್ಟಿ ನೋಡಿ.

ಎಂಜಿನ್ನಿಗಿಂತ ನನಗೆ ಇಷ್ಟ ಟರ್ನ್‌ಟೇಬಲ್. ಬಹಳ ಜನ ಇದನ್ನು ಏನೋ ಗುಂಡಿ ಅಂತ ದಾಟಿಕೊಂಡು ಹೋಗುತ್ತಾರೆ. ಉಗಿ ಎಂಜಿನ್ ಕೊನೆ ಸ್ಟೇಷನ್ನಿಗೆ ಬಂದರೆ ಮುಖ ತಿರುಗಿಸಿಕೊಂಡು ವಾಪಸ್ ಹೋಗಬೇಕಲ್ಲ. ನಡುವೆ ಒಂದು ಗೂಟದ ಮೇಲೆ ತಿರುಗುವ ಸೇತುವೆ ಮಾಡಿ, ಅದರ ಮೇಲೆ ಎಂಜಿನ್ ನಿಲ್ಲಿಸಿ, ಸೇತುವೆಯನ್ನೇ ತಿರುಗಿಸಿಬಿಡೋದು. ಇಲ್ಲಿ ಮೋಟಾರ್ ಇಲ್ಲ. ತುದಿಯಲ್ಲಿ ಚಾಚಿದ ತೊಲೆ ಹಿಡಿದು ಮನುಷ್ಯರೇ ತಳ್ಳಬೇಕು. ಮೇಲೆ ಬಾಗಿಲ ಚೌಕಟ್ಟಿನ ಹಾಗೆ ಎದ್ದಿರುವುದನ್ನು ನೋಡಿ. ಅದರ ನೆತ್ತಿಯಿಂದ ಎರಡೂ ತುದಿಗೆ ಕಬ್ಬಿಣದ ಸರಳು ಬಿಗಿದಿದ್ದಾರೆ, ಭಾರಕ್ಕೆ ತುದಿಗಳು ಜಗ್ಗದಿರಲಿ ಅಂತ.

ಅಷ್ಟು ಭಾರದ ಎಂಜಿನ್ನನ್ನು ಇಬ್ಬರು ಹೇಗೆ ತಳ್ಳುತ್ತಾರೆ? ಗುಟ್ಟು ಇರೋದು ನಿಲ್ಲಿಸುವುದರಲ್ಲಿ. ಎಂಜಿನ್ನಿನ ತೂಕದ ನಡು ಸರಿಯಾಗಿ ಗೂಟದ ಮೇಲೆ ಬರಬೇಕು, ತಕ್ಕಡಿ ಹಾಗೆ. ಒಂದಡಿ ಆಚೆ ಈಚೆ ಆದರೂ ಒಂದು ತುದಿ ಕೆಳಗೆ ಒತ್ತಿಕೊಂಡು ಅಲ್ಲಾಡುವುದಿಲ್ಲ. ಡ್ರೈವರ್ ಹಿಂದೆ ಮುಂದೆ ಮಾಡಿ ಆ ಜಾಗ ಹುಡುಕುತ್ತಿದ್ದ. ಅಪ್ಪ ಆ ತೊಲೆ ಹತ್ತಿರ ನಿಂತು ಎಷ್ಟೋ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಚೆನ್ನಾಗಿ ಗ್ರೀಸ್ ಹಾಕಿದ್ರೆ ನಾನೊಬ್ನೇ ತಿರುಗಿಸ್ತೀನಿ" ಅಂದರು. ಎಪ್ಪತ್ತೊಂದು ವರ್ಷ.

ಫೋನಿನಲ್ಲಿ ಕೇಳಿ ಅಂದಿದ್ದ ಬ್ರಿಲ್ ಕಾರ್ ಇಲ್ಲೇ ಇರೋದು. 1927ರಲ್ಲಿ ಡೆತ್ ವ್ಯಾಲಿ ರೈಲ್‌ರೋಡ್ ತನ್ನ ಪ್ರವಾಸಿಗಳಿಗಾಗಿ ತರಿಸಿದ, ತಾನೇ ಓಡುವ ಒಂದೇ ಡಬ್ಬಿ. ನೋಡಿದ ತಕ್ಷಣ ಅಪ್ಪ ಅಂದದ್ದು: "ಓ, ರೈಲ್ ಬಸ್ಸು!" ಶಿವಮೊಗ್ಗ–ತಾಳಗುಪ್ಪ ಮಧ್ಯೆ ಓಡುತ್ತಿದ್ದ ರೈಲ್ ಬಸ್ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಜನ ಕಮ್ಮಿಯಾದ ಲೈನಿಗೆ ಇಡೀ ರೈಲು ಯಾಕೆ, ಒಂದು ಬಸ್ಸು ಸಾಕು ಅನ್ನೋ ಲೆಕ್ಕ. ಕೆಲವು ದಿನ ಇದನ್ನು ಅಂಗಳದ ಹಳಿ ಮೇಲೆ ಓಡಿಸುತ್ತಾರೆ. ಆ ದಿನ ಸಿಕ್ಕರೆ ಬಿಡಬೇಡಿ.

ಏಜೆಂಟನ ಮನೆ

ಡಿಪೋ ನೋಡಿದ ಮೇಲೆ ಇಲ್ಲಿಗೆ ಬನ್ನಿ. ಹಗಲು ರಾತ್ರಿ ತಂತಿ ಕಾಯುವವನಿಗೆ ಸ್ಟೇಷನ್ ಪಕ್ಕದಲ್ಲೇ ಮನೆ. ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೆ ಇದು ಬಹಳ ಪರಿಚಯದ ಜಾಗ. ಎಂಜಿನ್ ಬಂದಾಗ ಪಾತ್ರೆ ಅಲುಗಿರಬೇಕು, ಒಣಹಾಕಿದ ಬಟ್ಟೆಗೆ ಮಸಿ ಕೂತಿರಬೇಕು. ಅಡುಗೆ ಮನೆಯಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಕಬ್ಬಿಣದ ಒಲೆ, ಇಸ್ತ್ರಿ ಪೆಟ್ಟಿಗೆ, ಬಟ್ಟೆ ಒಗೆಯುವ ಸಾಮಾನು. ಅಮ್ಮಂದಿರು, ಅಜ್ಜಿಯರು ಇದ್ದರೆ ಬೋರ್ಡ್ ಓದುವ ಬದಲು ಅವರನ್ನು ಕೇಳಿ. ಇದರಲ್ಲಿ ಅರ್ಧ ಸಾಮಾನನ್ನು ಅವರು ಬಳಸಿದ್ದಾರೆ.

ಮಿಕ್ಕ ಕಟ್ಟಡಗಳು: ಇಲ್ಲಿಯದಾ, ತಂದದ್ದಾ?

ಶಾಲೆ, ಟಪ್ಪಾಲು ಕಚೇರಿ, ಡಾಕ್ಟರ ಕೋಣೆ, ಕುಲುಮೆ, ಅಚ್ಚುಮನೆ, ಗಣಿ ಯಂತ್ರಗಳು, ಸಾರೋಟಿನ ಕೊಟ್ಟಿಗೆ, ಬಾಟಲಿಗಳದ್ದೇ ಒಂದು ಸಂಗ್ರಹ. ಇವನ್ನೆಲ್ಲ ನೋಡುವಾಗ ಒಂದು ಪ್ರಶ್ನೆ ಕೈಯಲ್ಲಿ ಹಿಡಿದುಕೊಳ್ಳಿ: ಈ ಕಟ್ಟಡ ಇಲ್ಲೇ ಇದ್ದದ್ದಾ, ಬೇರೆ ಕಡೆಯಿಂದ ಎತ್ತಿ ತಂದದ್ದಾ? ಡಿಪೋ, ಏಜೆಂಟನ ಮನೆ, ಟರ್ನ್‌ಟೇಬಲ್ ಇಲ್ಲಿಯವೇ. ಬೇರೆ ಹಲವು ಕಣಿವೆಯ ಬೇರೆ ಊರುಗಳಿಂದ ಬಂದವು. ಇದರ ಜೊತೆ 1960ರ ದಶಕದಲ್ಲಿ ಹಾಲಿವುಡ್‌ನವರು ಇಲ್ಲಿ ಕೌಬಾಯ್ ಸಿನಿಮಾ ತೆಗೆದು, ಸೆಟ್ಟಿಗೆ ಕಟ್ಟಿದ್ದನ್ನು ಬಿಟ್ಟುಹೋದರು. ಅದನ್ನೂ ಇವರು ಉಪಯೋಗಿಸಿಕೊಂಡರು. ತಪ್ಪೇನಿಲ್ಲ, ಆದರೆ ಗೊತ್ತಿರಬೇಕು. ಇಲ್ಲದಿದ್ದರೆ 1883ರಲ್ಲಿ ಲಾಸ್ ಹೀಗೇ ಇತ್ತು ಅಂದುಕೊಂಡು ಬರುತ್ತೀರಿ.

ಎಲ್ಲವನ್ನೂ ನೋಡಲೇಬೇಕು ಅಂತಿಲ್ಲ. ಮೂರು ಆರಿಸಿ. ನನ್ನ ಮೂರು: ಕುಲುಮೆ, ಅಚ್ಚುಮನೆ, ಶಾಲೆ. ಅಚ್ಚುಮನೆಯಲ್ಲಿ ಅಕ್ಷರದ ಅಚ್ಚುಮೊಳೆಗಳನ್ನು ತಲೆಕೆಳಗು ಜೋಡಿಸುವುದನ್ನು ಮಕ್ಕಳಿಗೆ ತೋರಿಸಿ, ಅವರು ಅದನ್ನು ನಂಬುವುದೇ ಇಲ್ಲ. ಬಾಟಲಿ ನೋಡಲು ನನಗಂತೂ ತಾಳ್ಮೆ ಇಲ್ಲ. ನನ್ನ ಹೆಂಡತಿ ಅಲ್ಲೇ ಮುಕ್ಕಾಲು ಗಂಟೆ ಇದ್ದಳು.

ಅಲ್ಲಿಯವರನ್ನು ಮಾತಾಡಿಸಿ

ನಾವು ಇದರಲ್ಲಿ ಹಿಂದೆ. ಸುಮ್ನೆ ನೋಡಿ, ಸುಮ್ನೆ ಹೊರಡುತ್ತೇವೆ. ಬಿಷಪ್‌ನ ಇತಿಹಾಸ ಸಂಘದವರು ನಡೆಸುವ ಜಾಗ ಇದು. ಅಲ್ಲಿ ಇರುವ ವಯಸ್ಸಾದ ಸ್ವಯಂಸೇವಕರಲ್ಲಿ ಕೆಲವರಿಗೆ ಈ ಕಣಿವೆಯ ಕಥೆ ಪುಸ್ತಕದ್ದಲ್ಲ, ಮನೆಯದು. "ಇದರ ಇತಿಹಾಸ ಹೇಳಿ" ಅಂದರೆ ಕಲಿತ ಪಾಠ ಒಪ್ಪಿಸುತ್ತಾರೆ. ಬದಲಿಗೆ ಸಣ್ಣದು ಕೇಳಿ. "ಇದನ್ನು ರಿಪೇರಿ ಮಾಡುವಾಗ ಯಾವ ಭಾಗ ಸಿಗಲಿಲ್ಲ?" "ನಿಮಗೆ ಇಲ್ಲಿ ಯಾವ ಕೋಣೆ ಇಷ್ಟ?" ಆಮೇಲೆ ನೀವು ಸುಮ್ಮನಿದ್ದರೆ ಸಾಕು.

ನಿಮ್ಮ ಊರಿನ ರೈಲಿನ ಕಥೆಯನ್ನೂ ಹೇಳಿ. ಅಪ್ಪ ತಮ್ಮ ಇಂಗ್ಲಿಷಿನಲ್ಲಿ "ಐ ಕೀಮ್ಯಾನ್, ಇಂಡಿಯಾ ರೈಲ್ವೇ" ಅಂದದ್ದೇ ತಡ, ಅಲ್ಲಿದ್ದ ಮುದುಕರೊಬ್ಬರು ಒಂದು ಹಳೇ ಮೊಳೆ ತಂದು ಕೈಗಿಟ್ಟರು. ಇಬ್ಬರೂ ಕಾಲು ಗಂಟೆ ಮೊಳೆ ಹೊಡೆಯುವ ಬಗೆ ಅಭಿನಯಿಸಿ ತೋರಿಸಿಕೊಂಡರು. ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ.

ನೀರಿನ ಕಥೆ, ನೆಲದ ಕಥೆ

ರೈಲ್ವೆ ಬಂದದ್ದು ಖಾಲಿ ಕಣಿವೆಗಲ್ಲ. ಇಲ್ಲಿನ ಮೂಲನಿವಾಸಿಗಳಾದ ಪಾಯೂಟ್ ಜನ ಇದನ್ನು ಪಾಯಾಹುನಾಡು ಅನ್ನುತ್ತಾರೆ, ನೀರು ಹರಿಯುವ ನೆಲ ಅಂತ ಅರ್ಥ. ಕೊನೆಯ "ನಾಡು" ಕೇಳಿ ನಾನು ಒಂದು ಕ್ಷಣ ಬೆಚ್ಚಿದೆ, ಬರೀ ಕಾಕತಾಳೀಯ ಅಷ್ಟೇ. ಬಿಷಪ್ ಸುತ್ತ ಕಾಲುವೆ ತೋಡಿ ನೀರು ಹಾಯಿಸುತ್ತಿದ್ದವರು ಅವರು. 1863ರಲ್ಲಿ ಸೈನಿಕರು ಸುಮಾರು ಸಾವಿರ ಜನರನ್ನು ಬೇಸಿಗೆಯಲ್ಲಿ ನಡೆಸಿಕೊಂಡು ಫೋರ್ಟ್ ಟೆಹೋನ್‌ಗೆ ಅಟ್ಟಿದರು. ರೈಲು ಬಂದದ್ದು ಅದಾಗಿ ಇಪ್ಪತ್ತು ವರ್ಷಕ್ಕೆ. ಬಿಷಪ್‌ನಲ್ಲೇ ಪಾಯೂಟ್–ಶೋಶೋನಿ ಜನ ತಾವೇ ನಡೆಸುವ ಸಾಂಸ್ಕೃತಿಕ ಕೇಂದ್ರ ಇದೆ. ಲಾಸ್ ಬೆಳಿಗ್ಗೆ, ಅದು ಮಧ್ಯಾಹ್ನ. ಒಂದನ್ನೇ ನೋಡಿದರೆ ಕಥೆ ಅರ್ಧ.

ಎರಡನೇ ಸಲ ನೀರು ಹೋದದ್ದು 1913ರಲ್ಲಿ. ಲಾಸ್ ಏಂಜಲೀಸ್ ನಗರ 233 ಮೈಲಿ ಉದ್ದದ ಕಾಲುವೆ ಕಟ್ಟಿ ಓವೆನ್ಸ್ ನದಿಯನ್ನು ಎಳೆದುಕೊಂಡಿತು. ಆಮೇಲೆ ಹೊಲಗಳನ್ನೂ ಕೊಂಡುಕೊಂಡಿತು. ಬೆಳೆ ಇಲ್ಲ ಅಂದರೆ ಸಾಗಿಸಲು ಸರಕು ಎಲ್ಲಿಂದ? ರಾಜಕುಮಾರಿ ಬಡವಾದದ್ದಕ್ಕೆ ಅದೂ ಒಂದು ಕಾರಣ. ಕಾವೇರಿ ಕುಡಿಯುವ ಬೆಂಗಳೂರಿನವನಾಗಿ ಇದರ ಬಗ್ಗೆ ಜೋರಾಗಿ ಮಾತಾಡಲು ನನಗೆ ಬಾಯಿ ಬರುವುದಿಲ್ಲ.

ಊಟ, ಹಿರಿಯರು, ಫೋಟೊ

ಕಟ್ಟಡದೊಳಗೆ ತಿನ್ನಬೇಡಿ. ಇಲಿ, ಹುಳ ಬಂದರೆ ಹಳೇ ಬಟ್ಟೆ, ಕಾಗದ ಹಾಳು. ಬಿಷಪ್‌ನ ಷಾಟ್ಸ್ ಬೇಕರಿಯಲ್ಲಿ ಕುರಿಗಾಹಿ ಬ್ರೆಡ್ ಅಂತ ಸಿಗುತ್ತದೆ, ಮನೆಯಿಂದ ತಂದ ಚಟ್ನಿಪುಡಿ–ಬೆಣ್ಣೆ ಜೊತೆ ಬಹಳ ಚೆನ್ನ. ಮೊಸರನ್ನ ಕೂಲರಿನಲ್ಲಿರಲಿ.

ಅಂಗಳ ಸಮತಟ್ಟು, ಆದರೆ ಜಲ್ಲಿ, ಮಣ್ಣು, ಹಳಿ. ಮಂಡಿ ನೋವಿರುವವರಿಗೆ ಕೋಲು ಇರಲಿ. ಹಳೇ ಹೊಸ್ತಿಲು ಎತ್ತರ. ಎಲ್ಲ ಕಟ್ಟಡಕ್ಕೂ ಹತ್ತಿಳಿಸದೆ ಡಿಪೋ, ಏಜೆಂಟನ ಮನೆ ಎರಡು ತೋರಿಸಿ, ಆಮೇಲೆ ನೆರಳಲ್ಲಿ ಕೂರಿಸಿ.

ಫೋಟೊಗೆ: ಬೆಳಿಗ್ಗೆ ಬಿಸಿಲು ಸಿಯೆರಾ ಬೆಟ್ಟದ ಮೇಲೆ ಬೀಳುತ್ತದೆ, ಪಶ್ಚಿಮಕ್ಕೆ ತಿರುಗಿ ತೆಗೆಯಿರಿ. ಮಧ್ಯಾಹ್ನದ ಮೇಲೆ ವೈಟ್ ಮೌಂಟನ್ಸ್ ಬೆಳಗುತ್ತವೆ, ಪೂರ್ವಕ್ಕೆ ತಿರುಗಿ. ಉಲ್ಟಾ ಮಾಡಿದರೆ ಎಲ್ಲರ ಮುಖ ಕಪ್ಪು.

ಸಮಯ ಇದ್ದರೆ ಲೈನಿನ ಹಿಂದೆ ಹೋಗಿ

ದಕ್ಷಿಣಕ್ಕೆ, ಅಂದರೆ ಲಾಸ್ ಏಂಜಲೀಸ್ ಕಡೆಗೆ ಹೋಗುವವರಾದರೆ ಹಳೇ ಲೈನು ನಿಮ್ಮ ಎಡಗಡೆ ಬೆಟ್ಟದ ಬುಡದಲ್ಲಿ ಜೊತೆಗೇ ಬರುತ್ತಿರುತ್ತದೆ. ಹಳಿ ಇಲ್ಲ, ದಾರಿ ಮಾತ್ರ. 40 ಮೈಲಿ ಆಚೆ ಇಂಡಿಪೆಂಡೆನ್ಸ್ ಊರು. ಈ ಲೈನಿನ ಇನ್ನೊಂದು ಎಂಜಿನ್, ನಂಬರ್ 18, ಅಲ್ಲಿದೆ. ಪಾರ್ಕಿನಲ್ಲಿ ದಶಕಗಟ್ಟಲೆ ನಿಂತಿದ್ದನ್ನು ಊರಿನವರು ರಿಪೇರಿ ಮಾಡಿ 2017ರಲ್ಲಿ ಮತ್ತೆ ಓಡಿಸಿದರು. ವರ್ಷದಲ್ಲಿ ಕೆಲವು ದಿನ ಉಗಿ ಹಾಕುತ್ತಾರೆ, ಲಾಸ್‌ನಲ್ಲೇ ಕೇಳಿಕೊಂಡು ಹೋಗಿ. ಅಲ್ಲಿನ ಈಸ್ಟರ್ನ್ ಕ್ಯಾಲಿಫೋರ್ನಿಯಾ ಮ್ಯೂಸಿಯಂ ಕೂಡ ಚೆನ್ನಾಗಿದೆ.

ಇನ್ನಾರು ಮೈಲಿಗೆ ಮಾಂಜನಾರ್. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನು ಕೂಡಿಹಾಕಿದ ಶಿಬಿರ. ಹತ್ತು ಸಾವಿರ ಜನ ಇದ್ದರು. ಹಲವರನ್ನು ರೈಲಿನಲ್ಲಿ ಲೋನ್ ಪೈನ್ ಸ್ಟೇಷನ್‌ವರೆಗೆ ತಂದು, ಅಲ್ಲಿಂದ ಬಸ್ಸಿನಲ್ಲಿ ಸಾಗಿಸಿದರು. ಇದಕ್ಕೆ ಬೇರೆಯೇ ಎರಡು ಗಂಟೆ ಬೇಕು. ಕತ್ತಲಾಗುವಾಗ ಅವಸರದಲ್ಲಿ ನೋಡುವ ಜಾಗ ಅಲ್ಲ.

ಲೋನ್ ಪೈನ್ ದಾಟಿ ಎಡಕ್ಕೆ 136ನೇ ರಸ್ತೆ ಹಿಡಿದರೆ ಕೀಲರ್, ಲೈನಿನ ಕೊನೆ. ಬೆರಳೆಣಿಕೆಯ ಮನೆಗಳು, ಒಣಗಿದ ಓವೆನ್ಸ್ ಕೊಳ, ಬಣ್ಣ ಹೋದ ಹಳೇ ಡಿಪೋ. ಇಲ್ಲಿ ಟಿಕೆಟ್ ಇಲ್ಲ, ನಕ್ಷೆ ಇಲ್ಲ. ಜನ ವಾಸ ಮಾಡುವ ಊರು, ಹಾಗಾಗಿ ರಸ್ತೆಯಲ್ಲೇ ನಿಂತು ನೋಡಿ, ಯಾರದ್ದೂ ಅಂಗಳಕ್ಕೆ ಕಾಲಿಡಬೇಡಿ. ಲೋನ್ ಪೈನ್‌ನಲ್ಲೇ ಗ್ಯಾಸ್ ತುಂಬಿಸಿಕೊಂಡಿರಿ. ಮುಂದೆ ಡೆತ್ ವ್ಯಾಲಿ ಕಡೆಗೆ ಹೋಗುವವರಾದರೆ ಇದೇ ರಸ್ತೆ, ವಾಪಸ್ ತಿರುಗುವುದು ಬೇಡ.